ಯಾರು ಬಿತ್ತಿದ ಕನಸು?

ಕ್ರಿಸ್ಟೋಫರ್ ನೋಲನ್ ನಿರ್ದೇಶಿಸಿದ ‘ಇನ್ಸೆಪ್ಷನ್’ ಚಿತ್ರದಲ್ಲಿ ಯೂಸುಫ್ ಎಂಬ ಔಷಧಿ ತಯಾರಕನೊಬ್ಬನಿದ್ದಾನೆ. ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಅವನ ಅಂಗಡಿ. ಅಂಗಡಿಯ ಕೆಳಗೆ ಮಬ್ಬುಗತ್ತಲ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಸಾಲಾಗಿ ಮಲಗಿದ್ದಾರೆ. ಪ್ರತಿದಿನ ಬಂದು ಯೂಸುಫನ ಮದ್ದಿನಿಂದ ನಿದ್ದೆಹೋಗಿ ಒಟ್ಟಿಗೆ ಕನಸು ಕಾಣುವವರು ಅವರು. ಅವರನ್ನು ಕಾಯುವ ಮುದುಕನ ಪ್ರಕಾರ ಅವರು ಅಲ್ಲಿಗೆ ಬರುವುದು ಮಲಗಲಿಕ್ಕಲ್ಲ, ಎಚ್ಚರಗೊಳ್ಳಲಿಕ್ಕೆ. ಕನಸೇ ಅವರ ಪಾಲಿಗೆ ನಿಜವಾಗಿಬಿಟ್ಟಿದೆ.

ಕನಸಿನ ಕಥೆಯಲ್ಲಿ ಯೂಸುಫ್ ಎಂಬ ಹೆಸರು ಕೇಳಿದೊಡನೆ ನಮ್ಮಂಥವರ ಕಿವಿ ನಿಮಿರುತ್ತದೆ. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರರು ತನಗೆ ಬಾಗಿದ್ದನ್ನು ಕನಸಿನಲ್ಲಿ ಕಂಡ ಬಾಲಕ ಆ ಹೆಸರಿನವನು. ಮುಂದೆ ಈಜಿಪ್ಟಿನ ಸೆರೆಮನೆಯಲ್ಲಿ ಕುಳಿತು ಅರಸನ ಕನಸಿನ ಏಳು ಹಸುಗಳ ಅರ್ಥ ಹೇಳಿ ಒಂದು ದೇಶವನ್ನೇ ಬರದಿಂದ ಉಳಿಸಿದ ಪ್ರವಾದಿ ಅವರು. ಚಿತ್ರದ ಯೂಸುಫ್ ಕನಸಿನ ಅರ್ಥ ಹೇಳುವವನಲ್ಲ. ಬೇರೆಯವರ ಕನಸಿನೊಳಗೆ ನುಗ್ಗುವವರಿಗೆ ಮದ್ದು ಅರೆದುಕೊಡುವವನು.

2010ರ ಜುಲೈಯಲ್ಲಿ ತೆರೆಕಂಡ ಈ ಚಿತ್ರದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕಾಬ್ (ಲಿಯೊನಾರ್ಡೊ ಡಿಕಾಪ್ರಿಯೊ) ನಿದ್ರಿಸುವವರ ಕನಸಿಗೆ ಇಳಿದು ಗುಟ್ಟು ಕದಿಯುವ ಕಳ್ಳ. ಹೆಂಡತಿಯ ಸಾವಿನ ಆರೋಪ ಹೊತ್ತು, ಮಕ್ಕಳಿರುವ ಅಮೆರಿಕಕ್ಕೆ ಮರಳಲಾಗದೆ ಅಲೆಯುತ್ತಿದ್ದಾನೆ. ಸೈಟೊ ಎಂಬ ಜಪಾನಿ ಉದ್ಯಮಿ ಅವನಿಗೆ ತಿರುವುಮುರುವಾದ ಕೆಲಸ ಒಪ್ಪಿಸುತ್ತಾನೆ. ಕದಿಯುವುದು ಬೇಡ, ಬಿತ್ತಬೇಕು. ತನ್ನ ಎದುರಾಳಿ ಕಂಪನಿಯ ವಾರಸುದಾರ ರಾಬರ್ಟ್ ಫಿಷರನ ಮನಸ್ಸಿನಲ್ಲಿ, ತಂದೆ ಕಟ್ಟಿದ ಸಾಮ್ರಾಜ್ಯವನ್ನು ಒಡೆದು ಹಾಕುವ ಯೋಚನೆ ಮೊಳೆಯಬೇಕು. ಅದು ತನ್ನದೇ ಯೋಚನೆ ಎಂದು ಅವನಿಗೆ ಅನಿಸಬೇಕು. ಕೆಲಸವಾದರೆ ಕಾಬ್ ಮನೆಗೆ ಹೋಗಬಹುದು.

ಚಿತ್ರದ ಕೊನೆಯಲ್ಲಿ ಕಾಬ್ ಮೇಜಿನ ಮೇಲೆ ಒಂದು ಬುಗುರಿ ತಿರುಗಿಸುತ್ತಾನೆ. ಅದು ಬಿದ್ದರೆ ಎಚ್ಚರ, ಬೀಳದಿದ್ದರೆ ಕನಸು. ಅದು ಬೀಳುವ ಮೊದಲೇ ಪರದೆ ಕಪ್ಪಾಗುತ್ತದೆ. ಬುಗುರಿ ಬಿತ್ತೋ ಇಲ್ಲವೋ ಎಂದು ಜಗತ್ತೆಲ್ಲ ವಾದಿಸಿತು. ನಾವೂ ವಾದಿಸಿದ್ದೇವೆ, ಚಹಾ ಆರಿಹೋಗುವಷ್ಟು ಹೊತ್ತು. ಆದರೆ ಎರಡನೆಯ ಸಲ ನೋಡಿದಾಗ ನಮ್ಮನ್ನು ಕಾಡಿದವನು ಕಾಬ್ ಅಲ್ಲ, ಫಿಷರ್. ಕನಸಿನ ಮೂರನೆಯ ಪದರದಲ್ಲಿ ಅವನು ಸಾಯುತ್ತಿರುವ ತಂದೆಯ ಹಾಸಿಗೆಯ ಬಳಿ ನಿಂತಿದ್ದಾನೆ. ಪಕ್ಕದ ತಿಜೋರಿಯಲ್ಲಿ ತನ್ನ ಬಾಲ್ಯದ ಕಾಗದದ ಗಿರಿಗಿಟ್ಲೆ ಸಿಗುತ್ತದೆ. ಅಪ್ಪ ನನ್ನನ್ನು ಪ್ರೀತಿಸಿದ್ದ ಎಂದು ಅಳುತ್ತಾನೆ. ನಮ್ಮ ಕಣ್ಣೂ ಒದ್ದೆಯಾಗುತ್ತದೆ. ಆ ಗಿರಿಗಿಟ್ಲೆಯನ್ನು ಅಲ್ಲಿ ಸೇರಿಸಿದ್ದು ಹಣಕ್ಕೆ ಬಂದ ಕಳ್ಳರ ಸಂಚು ಎಂಬುದು ಆ ಕ್ಷಣಕ್ಕೆ ಮರೆತೇಹೋಗುತ್ತದೆ.

ನಾನು ಎಚ್ಚರವಾಗಿದ್ದೇನೆಯೇ ಎಂಬುದು ಈ ಚಿತ್ರದ ಒಂದು ಪ್ರಶ್ನೆ. ನನ್ನ ತಲೆಯಲ್ಲಿರುವ ಈ ಯೋಚನೆಯನ್ನು ಬಿತ್ತಿದವರು ಯಾರು ಎಂಬುದು ಇನ್ನೊಂದು. ಮೊದಲನೆಯದು ರೋಚಕ. ಭಾರ ಹೆಚ್ಚಿರುವುದು ಎರಡನೆಯದಕ್ಕೆ.

ಮುಸ್ಲಿಮ್ ಜಗತ್ತಿನಲ್ಲಿ ಕನಸಿನ ವಿದ್ಯೆ ಶುರುವಾದದ್ದೇ ಈ ಎರಡನೆಯ ಪ್ರಶ್ನೆಯಿಂದ. ಪ್ರವಾದಿ ಮುಹಮ್ಮದ್ (ಸ) ಕನಸನ್ನು ಮೂರು ಬಗೆಯಾಗಿ ವಿಂಗಡಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಅಲ್ಲಾಹನ ಕಡೆಯಿಂದ ಬರುವ ಶುಭಸೂಚನೆ, ಸೈತಾನನು ಹುಟ್ಟಿಸುವ ದಿಗಿಲು, ಮನುಷ್ಯನ ಮನಸ್ಸು ತನ್ನಲ್ಲೇ ಆಡಿಕೊಳ್ಳುವ ಮಾತು. ಅಂದರೆ ಕನಸಿನಲ್ಲಿ ಏನು ಕಂಡಿತು ಎನ್ನುವುದಕ್ಕಿಂತ ಮೊದಲು ಅದು ಎಲ್ಲಿಂದ ಬಂತು ಎಂದು ನೋಡಬೇಕು. ಬಸ್ರಾದ ಇಬ್ನ್ ಸೀರೀನ್ (ನಿಧನ 728) ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ಇಬ್ಬರು ಬಂದು ತಾವು ಕನಸಿನಲ್ಲಿ ಅಝಾನ್ ಕೊಟ್ಟೆವೆಂದರು. ಒಬ್ಬನಿಗೆ ನೀನು ಹಜ್‌ಗೆ ಹೋಗುತ್ತೀ ಎಂದರಂತೆ, ಇನ್ನೊಬ್ಬನಿಗೆ ನೀನು ಕಳ್ಳತನದಲ್ಲಿ ಸಿಕ್ಕಿಬೀಳುತ್ತೀ ಎಂದರಂತೆ. ಕನಸು ಒಂದೇ, ಕಂಡವರು ಬೇರೆ. ನಮ್ಮ ಮನೆಗಳ ಹಳೆಯ ಟ್ರಂಕುಗಳಲ್ಲಿ ಸಿಗುವ ಉರ್ದು ಖ್ವಾಬ್‌ನಾಮಾಗಳು ಇದನ್ನು ಮರೆತಿವೆ. ಹಾವು ಕಂಡರೆ ಶತ್ರು, ಹಲ್ಲು ಬಿದ್ದರೆ ಸಾವು ಎಂದು ದಿನಸಿ ಪಟ್ಟಿಯ ಹಾಗೆ ಬರೆದಿರುತ್ತಾರೆ. ಹೊದಿಕೆಯ ಮೇಲೆ ಮಾತ್ರ ಇಬ್ನ್ ಸೀರೀನರ ಹೆಸರು. ಅವರು ಅಂಥ ಪುಸ್ತಕ ಬರೆದವರಲ್ಲ ಎನ್ನುತ್ತಾರೆ ವಿದ್ವಾಂಸರು.

ಈ ಪ್ರಶ್ನೆಗೆ ನಿಜವಾದ ಬೆಲೆ ತೆತ್ತವರು ಇಮಾಮ್ ಗಝಾಲಿ (1058–1111). ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಗುರುಪೀಠದಲ್ಲಿ ಕುಳಿತಿದ್ದವರು. ಕೊನೆಗಾಲದಲ್ಲಿ ಬರೆದ ‘ಅಲ್ ಮುನ್‌ಖಿದ್ ಮಿನಲ್ ದಲಾಲ್’ ಎಂಬ ಆತ್ಮಕಥನದಲ್ಲಿ ಅವರು ಹೊರಡುವುದು ಒಂದು ಸರಳ ಗಮನಿಕೆಯಿಂದ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿ ಬೆಳೆಯುತ್ತಾರೆ. ಹಾಗಾದರೆ ನನ್ನೊಳಗೆ ಹುಟ್ಟಿನಿಂದ ಬಂದದ್ದು ಯಾವುದು, ತಂದೆತಾಯಿ, ಗುರುಗಳು ಇಟ್ಟದ್ದು ಯಾವುದು? ಒಂಬೈನೂರು ವರ್ಷಗಳ ಹಿಂದೆ ಒಬ್ಬ ಆಲಿಮ್ ಇದನ್ನು ತನ್ನ ನಂಬಿಕೆಯ ಬಗ್ಗೆಯೇ ಕೇಳಿಕೊಂಡರು.

ಅಲ್ಲಿಂದ ಅನುಮಾನ ಹಬ್ಬಿತು. ಕಣ್ಣು ನೆರಳನ್ನು ನೋಡಿ ನಿಂತಿದೆ ಎನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದು ಸರಿದಿರುತ್ತದೆ. ನಕ್ಷತ್ರ ಒಂದು ದೀನಾರಿನಷ್ಟು ಕಾಣುತ್ತದೆ, ಗಣಿತ ಅದನ್ನು ಭೂಮಿಗಿಂತ ದೊಡ್ಡದೆನ್ನುತ್ತದೆ. ಕಣ್ಣಿನ ತಪ್ಪನ್ನು ಬುದ್ಧಿ ತಿದ್ದಿತು, ಸರಿ. ಬುದ್ಧಿಯನ್ನು ತಿದ್ದುವ ಇನ್ನೊಂದು ನ್ಯಾಯಾಧೀಶ ಇಲ್ಲವೆಂದು ಹೇಗೆ ಹೇಳುವುದು? ಇಲ್ಲಿ ಗಝಾಲಿ ಕನಸನ್ನು ಸಾಕ್ಷಿಗೆ ಕರೆಯುತ್ತಾರೆ. ಕನಸು ಕಾಣುವಾಗ ಅದು ನಿಜವೆಂದೇ ನಂಬಿರುತ್ತೇವೆ. ಈಗಿನ ಎಚ್ಚರವೂ ಬೇರೊಂದು ಎಚ್ಚರದ ಎದುರು ಕನಸೇ ಆಗಿದ್ದರೆ? ಫ್ರೆಂಚ್ ಚಿಂತಕ ಡೆಕಾರ್ಟ್ ಇದೇ ಅನುಮಾನವನ್ನು ಮುದ್ರಿಸಿದ್ದು 1641ರಲ್ಲಿ.

ಸುಮಾರು ಎರಡು ತಿಂಗಳು ಗಝಾಲಿ ಈ ಕಾಯಿಲೆಯಲ್ಲಿ ನರಳಿದರು. ಕಾಯಿಲೆ ಎಂಬುದು ಅವರದೇ ಮಾತು. ವಾಸಿಯಾದದ್ದು ತರ್ಕದಿಂದಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಬೆಳಕಿನಿಂದ ಎನ್ನುತ್ತಾರೆ. ಚಿತ್ರದಲ್ಲಿ ಇದೇ ಕಾಯಿಲೆ ಕಾಬ್‌ನ ಹೆಂಡತಿ ಮಾಲ್‌ಗೆ ತಗಲುತ್ತದೆ. ಕನಸಿನಿಂದ ಎದ್ದ ಮೇಲೂ ಇದು ಕನಸೇ ಎಂದುಕೊಂಡು, ಏಳಲಿಕ್ಕೆಂದು ಕಿಟಕಿಯಿಂದ ಜಿಗಿದು ಸಾಯುತ್ತಾಳೆ. ಆ ಅನುಮಾನವನ್ನು ಅವಳಲ್ಲಿ ಬಿತ್ತಿದವನು ಗಂಡನೇ. ಅವನಿಗದು ಗೊತ್ತು.

ಕನಸನ್ನು ಬೇಕೆಂದು ಕರೆಸಿಕೊಳ್ಳುವ ಪ್ರಯೋಗವೂ ಹಳೆಯದು. ತ್ಯುನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಖದ್ದಿಮಾ’ದಲ್ಲಿ ಮಲಗುವ ಮುನ್ನ ಹೇಳಬೇಕಾದ ಕೆಲವು ವಿಚಿತ್ರ ಶಬ್ದಗಳನ್ನು ಕೊಡುತ್ತಾರೆ. ಅವನ್ನು ಹೇಳಿ, ಬೇಕಾದ ವಿಷಯ ನೆನೆದು ಮಲಗಿದರೆ ಅದು ಕನಸಿನಲ್ಲಿ ಬರುತ್ತದಂತೆ. ರಾಜ್ಯಗಳ ಏಳುಬೀಳನ್ನು ಅಷ್ಟು ನಿಷ್ಠುರವಾಗಿ ಲೆಕ್ಕಹಾಕಿದ ಮನುಷ್ಯ, ತಾನೇ ಪರೀಕ್ಷಿಸಿ ನೋಡಿದೆ, ತನ್ನ ಬಗ್ಗೆ ತಿಳಿಯಬೇಕಾಗಿದ್ದು ತಿಳಿಯಿತು ಎಂದು ಸಂಕೋಚವಿಲ್ಲದೆ ಬರೆಯುತ್ತಾರೆ. ಆದರೆ ಕೂಡಲೇ ಒಂದು ತಡೆ ಹಾಕುತ್ತಾರೆ. ಆ ಶಬ್ದಗಳು ಮನಸ್ಸನ್ನು ಅಣಿಗೊಳಿಸಬಲ್ಲವು ಅಷ್ಟೆ, ಕನಸನ್ನು ಉತ್ಪಾದಿಸಲಾರವು.

ನಮ್ಮ ನಾಡಿನಲ್ಲಿ ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಸ್ವಂತ ಕೈಯಿಂದ ಪಾರ್ಸಿಯಲ್ಲಿ ಬರೆದಿಟ್ಟ. ಒಟ್ಟು 37. ಕೆಲವಕ್ಕೆ ತಾಬೀರನ್ನೂ ತಾನೇ ಬರೆದುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಗುಟ್ಟಿನ ಪುಸ್ತಕ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಕೈಗೆ ಸಿಕ್ಕಿ ಲಂಡನ್ ಸೇರಿತು. ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕಕ್ಕೆ ಅದೇ ಎಳೆ. ಸತ್ತವನ ಕನಸುಗಳನ್ನು ಗೆದ್ದವರು ಲೂಟಿಯ ಜೊತೆ ಹೊತ್ತೊಯ್ದದ್ದನ್ನು ನೆನೆದಾಗ ಕಾಬ್‌ನ ಕಸುಬು ಅಷ್ಟೇನೂ ಹೊಸದೆನಿಸುವುದಿಲ್ಲ.

ಬಿತ್ತುವ ಕಸುಬು ಮಾತ್ರ ಈಗ ಕಥೆಯಿಂದ ಹೊರಬರುತ್ತಿದೆ. ಕನಸು ಕಾಣುತ್ತಿರುವವರು ಹೊರಗಿನಿಂದ ಕೇಳಿದ ಸಣ್ಣ ಲೆಕ್ಕಗಳಿಗೆ ನಿದ್ದೆಯಲ್ಲೇ ಕಣ್ಣಿನ ಸನ್ನೆಯಿಂದ ಉತ್ತರಿಸಿದ ಪ್ರಯೋಗಗಳು 2021ರಲ್ಲಿ ಪ್ರಕಟವಾದವು. ಅದೇ ವರ್ಷ ಅಮೆರಿಕದ ಒಂದು ಬಿಯರ್ ಕಂಪನಿ, ಮಲಗುವ ಮುನ್ನ ತನ್ನ ಕಿರುಚಿತ್ರ ನೋಡಿ, ರಾತ್ರಿಯಿಡೀ ತನ್ನ ಧ್ವನಿಮುದ್ರಿಕೆ ಹಾಕಿಕೊಂಡು ಮಲಗಿರೆಂದು ಜನರನ್ನು ಕರೆಯಿತು. ಕನಸಿನಲ್ಲೂ ತನ್ನ ಬಿಯರ್ ಬರಲಿ ಎಂದು. ಸುಮಾರು 40 ಮಂದಿ ನಿದ್ರಾವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು. ಎಚ್ಚರದಲ್ಲಿರುವವರ ತಲೆಗೆ ಮೊಬೈಲಿನ ಮೂಲಕ ದಿನಕ್ಕೆ ನೂರು ಸಲ ದ್ವೇಷದ ಬೀಜ ಹಾಕಿ, ಇದು ನಿನ್ನದೇ ಅಭಿಪ್ರಾಯ ಎಂದು ನಂಬಿಸುವವರ ವಿಷಯ ನಾವು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಯೂಸುಫನ ಮದ್ದೂ ಬೇಕಾಗಿಲ್ಲ.

ಚಿತ್ರದ ಕೊನೆಗೆ ಮರಳೋಣ. ವಿಮಾನ ಲಾಸ್ ಏಂಜಲೀಸಿನಲ್ಲಿ ಇಳಿದಿದೆ. ಕಾಬ್ ಮಕ್ಕಳ ಬಳಿಗೆ ಹೋಗುತ್ತಾನೆ, ಬುಗುರಿಯತ್ತ ತಿರುಗಿಯೂ ನೋಡದೆ ಅವರನ್ನು ತಬ್ಬಿಕೊಳ್ಳುತ್ತಾನೆ. ಫಿಷರನಿಗೂ ಅದೇ ನಿಲ್ದಾಣ. ಕಾಬ್‌ನ ಮುಖದ ಮೇಲೆ ಅವನ ದೃಷ್ಟಿ ಒಂದು ಕ್ಷಣ ನಿಲ್ಲುತ್ತದೆ, ಎಲ್ಲೋ ಕಂಡ ಹಾಗೆ. ಆಮೇಲೆ ತನ್ನ ಸಾಮಾನಿನ ಕಡೆ ತಿರುಗುತ್ತಾನೆ.