ದೀರ್ಘಕಾಲ ಬಳಸದ ಕಾರನ್ನು ಇಕ್ಕಟ್ಟಾದ ಶೆಡ್ಡಿನಲ್ಲಿ ಸುರಕ್ಷಿತವಾಗಿ ನಿಲ್ಲಿಸುವ ಬಗ್ಗೆ: ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಶೀತ ದೇಶಗಳಲ್ಲಿ ಸ್ಪೋರ್ಟ್ಸ್ ಕಾರುಗಳನ್ನು ಚಳಿಗಾಲದಲ್ಲಿ ಒಳಗೆ ನಿಲ್ಲಿಸುವ ರೂಢಿಯಿದೆ. ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪು ಲೋಹವನ್ನು ತಿನ್ನುವುದೇ ಇದಕ್ಕೆ ಮುಖ್ಯ ಕಾರಣ. ಬಾಗಲಕೋಟೆ ಜಿಲ್ಲೆಯಲ್ಲಿ ಕಾರಣಗಳು ಬೇರೆ. ಮಾಲೀಕರು ಬೆಂಗಳೂರು, ಪುಣೆ ಅಥವಾ ಹೊರದೇಶದಲ್ಲಿ ಉದ್ಯೋಗದಲ್ಲಿದ್ದು, ಕಾರನ್ನು ಊರಿನ ಮನೆಯಲ್ಲಿ ತಿಂಗಳುಗಟ್ಟಲೆ ಬಿಡುವುದುಂಟು. ಮಳೆಗಾಲ ಮುಗಿಯುವವರೆಗೆ ತಗ್ಗಾದ ಕಾರನ್ನು ರಸ್ತೆಗಿಳಿಸದೆ ಇಡುವವರೂ ಇದ್ದಾರೆ. ಇಂತಹ ಮಾಲೀಕರು ಗಮನಿಸಬೇಕಾದ ಸುರಕ್ಷತಾ ಕ್ರಮಗಳನ್ನೂ ನೋಂದಣಿ ಸಂಬಂಧಿತ ಕರ್ತವ್ಯಗಳನ್ನೂ ಇಲ್ಲಿ ನೀಡಲಾಗಿದೆ.

1. ಅಳತೆ

ಬಾದಾಮಿ, ಇಳಕಲ್ ಮತ್ತು ಹಳೆ ಬಾಗಲಕೋಟೆಯ ಓಣಿಗಳಲ್ಲಿರುವ ಅನೇಕ ಶೆಡ್ಡುಗಳು ಬಂಡಿ ಅಥವಾ ಚಿಕ್ಕ ಕಾರಿಗೆಂದು ಕಟ್ಟಿದವು. ಮಾರುತಿ 800 ಕಾರಿನ ಅಗಲ 1.44 ಮೀಟರ್, ಅಂಬಾಸಿಡರ್ ಕಾರಿನದು 1.7 ಮೀಟರಿಗಿಂತ ಕಡಿಮೆ. ಇಂದಿನ ಸ್ಪೋರ್ಟ್ಸ್ ಕಾರುಗಳು ಸಾಮಾನ್ಯವಾಗಿ 1.8ರಿಂದ 2 ಮೀಟರ್ ಅಗಲವಿರುತ್ತವೆ.

ಕಾರಿನ ಅಗಲವನ್ನು ಕನ್ನಡಿಗಳನ್ನು ಮಡಚಿ ಒಮ್ಮೆ, ತೆರೆದು ಒಮ್ಮೆ ಅಳೆಯಬೇಕು. ಶೆಡ್ಡಿನ ಅಳತೆಯನ್ನು ಬಾಗಿಲ ಚೌಕಟ್ಟಿನ ನಡುವೆ, ಅಂದರೆ ಅತಿ ಕಿರಿದಾದ ಸ್ಥಳದಲ್ಲಿ, ತೆಗೆದುಕೊಳ್ಳಬೇಕು. ಚಾಲಕನು ಬಾಗಿಲು ತೆರೆದು ಇಳಿಯಲು ಒಂದು ಪಕ್ಕದಲ್ಲಿ ಸುಮಾರು 60 ಸೆಂಟಿಮೀಟರ್, ಇನ್ನೊಂದು ಪಕ್ಕದಲ್ಲಿ ಸುಮಾರು 20 ಸೆಂಟಿಮೀಟರ್ ಜಾಗ ಅಪೇಕ್ಷಣೀಯ. ಅದರಂತೆ 1.9 ಮೀಟರ್ ಅಗಲದ ಕಾರಿಗೆ ಒಳಗೆ 2.7 ಮೀಟರ್ ಬೇಕಾಗುತ್ತದೆ.

ಹೊಸ್ತಿಲಿನ ಎತ್ತರವನ್ನೂ ನೋಡಬೇಕು. ತಗ್ಗಾದ ಕಾರಿನ ತಳಭಾಗವು ನೆಲದಿಂದ ಕೇವಲ 11–13 ಸೆಂಟಿಮೀಟರ್ ಮೇಲಿರಬಹುದು. ಹೊಸ್ತಿಲು ಎತ್ತರವಾಗಿದ್ದಲ್ಲಿ ಗಟ್ಟಿಯಾದ ಉದ್ದ ಹಲಗೆಗಳನ್ನು ಇಳಿಜಾರಾಗಿ, ಜಾರದಂತೆ ಇಡತಕ್ಕದ್ದು. ಹುನಗುಂದ ಭಾಗದ ಎರೆ ಮಣ್ಣು ತೇವದಲ್ಲಿ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಶೆಡ್ಡಿನ ನೆಲ ಏರುಪೇರಾಗುವ ಸಂಭವವಿದೆ. ಹಿಂದಿನ ವರ್ಷ ಸರಾಗವಾಗಿ ಒಳಹೋದ ಕಾರು ಈ ವರ್ಷವೂ ಹೋಗುವುದೆಂದು ಭಾವಿಸದೆ ಪ್ರತಿ ಬಾರಿಯೂ ಅಳೆಯಬೇಕು.

2. ಒಳಗೆ ಸೇರಿಸುವ ವಿಧಾನ

ಅ) ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ಮೊದಲೇ ಮನೆಯೊಳಗೆ ಕಳುಹಿಸಿ, ಅವರ ಬಳಿ ಒಬ್ಬರನ್ನು ಇರಿಸಬೇಕು. ತಗ್ಗಾದ ಕಾರಿನ ಚಾಲಕನಿಗೆ ಹಿಂದೆ ನಿಂತ ಮಗು ಕಾಣುವುದಿಲ್ಲ.
ಆ) ಸಂಜ್ಞೆ ನೀಡುವವರು ಒಬ್ಬರೇ ಇರಬೇಕು. ಅವರು ಕಾರು ಮತ್ತು ಗೋಡೆಯ ನಡುವೆ ಯಾವ ಕಾರಣಕ್ಕೂ ನಿಲ್ಲಕೂಡದು. ಅವರು ಕಣ್ಣಿಗೆ ಬೀಳದಿದ್ದಲ್ಲಿ ಚಾಲಕನು ತಕ್ಷಣ ಕಾರನ್ನು ನಿಲ್ಲಿಸಬೇಕು.
ಇ) ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಗಾಲಿ ನಿಲ್ಲಬೇಕಾದ ಸ್ಥಳದಲ್ಲಿ ಮರದ ದಿಮ್ಮಿಯನ್ನು ಇಡಬೇಕು.
ಈ) ಹಿಮ್ಮುಖವಾಗಿ ಸೇರಿಸುವುದು ಉತ್ತಮ. ತಿರುಗುವ ಗಾಲಿಗಳು ಬಾಗಿಲ ಕಡೆ ಉಳಿಯುವುದರಿಂದ ಕಾರನ್ನು ನೇರ ಮಾಡುವುದು ಸುಲಭ. ಮುಂದೆ ತುರ್ತಾಗಿ ಹೊರತೆಗೆಯಲೂ ಅನುಕೂಲ.
ಉ) ಇಳಿಯಲು ಜಾಗವಿಲ್ಲದಿದ್ದರೆ, ಸಮತಟ್ಟಾದ ನೆಲದಲ್ಲಿ ಮಾತ್ರ ಕಾರನ್ನು ಕೈಯಿಂದ ತಳ್ಳಿ ಸೇರಿಸಬಹುದು. ಇಂಜಿನ್ ನಿಂತಿರುವಾಗ ಸ್ಟಿಯರಿಂಗ್ ಮತ್ತು ಬ್ರೇಕ್ ಬಹಳ ಬಿಗಿಯಾಗುತ್ತವೆ ಎಂಬುದನ್ನು ಮರೆಯಬಾರದು. ಗಾಲಿಗೆ ಅಡ್ಡ ಇಡಲು ದಿಮ್ಮಿ ಹಿಡಿದು ಒಬ್ಬರು ಪಕ್ಕದಲ್ಲಿ ಸಿದ್ಧರಿರಬೇಕು. ಇಳಿಜಾರಿನಲ್ಲಿ ತಳ್ಳುವುದು ಪ್ರಾಣಾಪಾಯಕರ.
ಊ) ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲನೆಯಲ್ಲಿಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಅರಿವಿಗೆ ಬರುವ ಮೊದಲೇ ಪ್ರಜ್ಞೆ ತಪ್ಪಿಸಬಲ್ಲದು.

3. ನಿಲ್ಲಿಸಿದ ನಂತರ

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ತಿಂಗಳುಗಳ ನಂತರ ಬ್ರೇಕ್ ಅಂಟಿಕೊಳ್ಳಬಹುದು. ಆದ್ದರಿಂದ ಗೇರಿನಲ್ಲಿಟ್ಟು ಗಾಲಿಗಳ ಎರಡೂ ಬದಿಗೆ ದಿಮ್ಮಿ ಇಡಬೇಕು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಪ್ಲಾಸ್ಟಿಕ್ ಹಾಳೆ ತೇವವನ್ನು ಹಿಡಿದಿಡುವುದರಿಂದ ಹತ್ತಿಯ ಬಟ್ಟೆ ಹೊದಿಸುವುದು ಮೇಲು. ಜೋಳದ ಚೀಲಗಳನ್ನು ಅದೇ ಶೆಡ್ಡಿನಲ್ಲಿ ಇಡಬಾರದು. ಕಾಳಿಗೆ ಬರುವ ಇಲಿ ವಾಹನದ ತಂತಿಗಳನ್ನೂ ಕಡಿಯುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿಯ ಪ್ರವಾಹದಿಂದ ಪಟ್ಟದಕಲ್ಲಿನ ದೇವಾಲಯಗಳ ಆವರಣವೂ ಜಲಾವೃತವಾಗಿತ್ತು. ನದಿತೀರದ ಗ್ರಾಮಗಳಲ್ಲಿ ಕಾರು ಬಿಟ್ಟುಹೋಗುವವರು ಕೀಲಿಯನ್ನು ಚಾಲನಾ ಪರವಾನಗಿಯುಳ್ಳ ಸ್ಥಳೀಯ ಬಂಧುಗಳ ಬಳಿ ಕೊಟ್ಟಿರಬೇಕು.

4. ದಾಖಲೆಗಳು

ಕಾರು ಶೆಡ್ಡಿನಲ್ಲಿದ್ದರೂ ದಾಖಲೆಗಳ ಅವಧಿ ನಿಲ್ಲುವುದಿಲ್ಲ.

- ಅನ್ಯರಾಜ್ಯದ ನೋಂದಣಿ: ಮೋಟಾರು ವಾಹನ ಕಾಯ್ದೆ, 1988ರ ಕಲಂ 47ರಂತೆ, ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇರಿಸಿಕೊಂಡಲ್ಲಿ ಹೊಸ ನೋಂದಣಿ ಸಂಖ್ಯೆಗಾಗಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಬೇಕು. ಕಲಮು ವಾಹನವನ್ನು ಇರಿಸಿಕೊಳ್ಳುವ ಕುರಿತು ಹೇಳುತ್ತದೆ; ಓಡಿಸಲಿಲ್ಲ ಎಂಬುದರಿಂದ ಈ ಕರ್ತವ್ಯ ತಪ್ಪುವುದಿಲ್ಲ.
- ನೋಂದಣಿ ನವೀಕರಣ: ಸಾರಿಗೆಯೇತರ ವಾಹನದ ನೋಂದಣಿ 15 ವರ್ಷ ಊರ್ಜಿತದಲ್ಲಿರುತ್ತದೆ. ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು.
- ವಿಳಾಸ ಬದಲಾವಣೆ: ಮಾಲೀಕರ ವಾಸಸ್ಥಳ ಬದಲಾದಲ್ಲಿ 30 ದಿನಗಳೊಳಗೆ ನಮೂನೆ 33ರಲ್ಲಿ ತಿಳಿಸಬೇಕು.
- ವಿಮೆ: ಮೂರನೇ ವ್ಯಕ್ತಿಯ ವಿಮೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸುವುದು ಕಲಂ 146ರಂತೆ ನಿಷಿದ್ಧ. ಶೆಡ್ಡಿನಿಂದ ಓಣಿಗೆ ಬಂದೊಡನೆ ಈ ನಿಯಮ ಅನ್ವಯಿಸುತ್ತದೆ. ಬೆಂಕಿ, ಕಳವು, ಪ್ರವಾಹದ ನಷ್ಟಕ್ಕೆ ಸ್ವಂತ ಹಾನಿ ವಿಮೆಯೂ ಚಾಲ್ತಿಯಲ್ಲಿರಬೇಕು. ಅದು ಮುಗಿದು 90 ದಿನ ಮೀರಿದರೆ ಕ್ಲೇಮುರಹಿತ ರಿಯಾಯಿತಿ ತಪ್ಪಿಹೋಗುತ್ತದೆ.

5. ಮತ್ತೆ ಹೊರತೆಗೆಯುವಾಗ

ಮೊದಲು ಬಾಗಿಲು ಪೂರ್ಣ ತೆರೆದು ಗಾಳಿಯಾಡಲು ಬಿಡಬೇಕು. ಕಾರಿನ ಕೆಳಗೆ ಮತ್ತು ಬಾನೆಟ್ಟಿನೊಳಗೆ ಪ್ರಾಣಿಗಳಿವೆಯೇ, ತಂತಿಗಳು ಕಡಿದಿವೆಯೇ ಎಂದು ನೋಡಬೇಕು. ಪೆಟ್ರೋಲ್ ವಾಸನೆ ಬಂದಲ್ಲಿ ಸ್ವಿಚ್ಚು ಹಾಕದೆ ಮೆಕ್ಯಾನಿಕ್‌ರನ್ನು ಕರೆಸಬೇಕು. ಟೈರಿನ ಗಾಳಿ, ಬ್ರೇಕ್, ವಿಮೆ ಹಾಗೂ ವಾಯುಮಾಲಿನ್ಯ ತಪಾಸಣಾ ಪತ್ರವನ್ನು ಪರಿಶೀಲಿಸಿದ ನಂತರವೇ ರಸ್ತೆಗಿಳಿಸತಕ್ಕದ್ದು.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಮಾಲೀಕರು ನೋಂದಣಿ ಹಾಗೂ ತೆರಿಗೆ ಕುರಿತ ಹೆಚ್ಚಿನ ವಿವರಗಳಿಗೆ ಬಾಗಲಕೋಟೆಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು (ಕೆಎ-29) ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.