ಫೋನಲ್ಲಿ ಡಾಕ್ಟರು: ಚೀಟಿಗೆ ಜವಾಬ್ದಾರಿ ಯಾರದ್ದು?

ವಿದುರಾಶ್ವತ್ಥದಿಂದ ಮಾತಾಡ್ತಿದ್ದೇನೆ. ನಮ್ಮೂರ ಹೆಸರು ಹೇಳಿದ ಕೂಡಲೇ ಎಲ್ಲರಿಗೂ 1938ರ ಏಪ್ರಿಲ್ 25ರ ಗೋಲಿಬಾರ್ ನೆನಪಾಗುತ್ತೆ. ಇವತ್ತಿನ ಸಂಚಿಕೆ ಅದರ ಬಗ್ಗೆ ಅಲ್ಲ. ಈಗ ಮನೆಮನೆಯಲ್ಲೂ ನಡೆಯುವ, ಆದರೆ ಯಾರೂ ಇತಿಹಾಸ ಅಂತ ಕರೆಯದ ಒಂದು ವಿಷಯದ ಬಗ್ಗೆ: ಫೋನಲ್ಲಿ ಡಾಕ್ಟರಿಗೆ ತೋರಿಸೋದು.

ನಾನು ಓದಿದ್ದು ಬಿ.ಕಾಂ. ಬಿಲ್ ಇಲ್ಲದೆ ತಂದ ಮಾಲು ಕೆಟ್ಟರೆ ಅಂಗಡಿಯವನ ಹತ್ತಿರ ಜಗಳ ಆಡೋದು ಕಷ್ಟ ಅನ್ನೋದು ನಮಗೆ ಮೊದಲ ಪಾಠ. ಚಿಕಿತ್ಸೆಗೂ ಅದೇ ಪ್ರಶ್ನೆ ಕೇಳೋಣ. ಡಾಕ್ಟರು ಬೆಂಗಳೂರಲ್ಲಿ, ರೋಗಿ ಗೌರಿಬಿದನೂರಿನ ಪಕ್ಕದ ಹಳ್ಳಿಯಲ್ಲಿ. ಮಾತ್ರೆ ತಪ್ಪಾದರೆ ಯಾರನ್ನ ಕೇಳಬೇಕು? ಎಲ್ಲಿ ಕೇಳಬೇಕು?

ಕಾನೂನು ಮೊದಲು ಉತ್ತರಿಸಿದ್ದು "ಡಾಕ್ಟರು ಅಂದ್ರೆ ಯಾರು" ಅನ್ನೋ ಪ್ರಶ್ನೆಗೆ. ನಮ್ಮದು ಗಡಿ ಸೀಮೆ. ಆಚೆಗಿರೋ ಹಿಂದೂಪುರ ಆಗ ಮದ್ರಾಸ್ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಮದ್ರಾಸಿನಲ್ಲಿ ವೈದ್ಯರ ನೋಂದಣಿ ಕಾಯಿದೆ ಬಂದದ್ದು 1914ರಲ್ಲಿ, ಮೈಸೂರಲ್ಲಿ 1931ರಲ್ಲಿ. ಏಕೀಕರಣ ಆದ ಮೇಲೆ 1961ರ ಕಾಯಿದೆ ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಮಾಡಿತು. ಪಟ್ಟಿಯಲ್ಲಿ ಹೆಸರಿದ್ದರೆ ಡಾಕ್ಟರು, ಅಷ್ಟೇ.

ಎರಡನೇ ಹೆಜ್ಜೆಯಲ್ಲಿ ಕಾನೂನು ಕಟ್ಟಡದ ಕಡೆ ನೋಡಿತು. 1976ರಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳಿಗೆ ಒಂದು ಕಾಯಿದೆ ಬಂತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, ಜನ ಕೆಪಿಎಂಇ ಅಂತಾರಲ್ಲ ಅದು, ಬಂತು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. 2017ರ ನವೆಂಬರ್‌ನಲ್ಲಿ, ಶ್ರೀನಿವಾಸಪುರದ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಈ ಕಾಯಿದೆಗೆ ತಿದ್ದುಪಡಿ ತಂದರು. ಖಾಸಗಿ ಡಾಕ್ಟರುಗಳು ಮುಷ್ಕರಕ್ಕಿಳಿದದ್ದು ನಿಮಗೂ ನೆನಪಿರಬಹುದು. ಆ ಗಲಾಟೆಯಲ್ಲಿ ಒಂದು ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ನೋಂದಣಿ, ದರದ ಬೋರ್ಡು, ತಪಾಸಣೆ, ಎಲ್ಲದಕ್ಕೂ ಒಂದು ವಿಳಾಸ ಬೇಕು. ಫೋನಲ್ಲಿರೋ ಡಾಕ್ಟರಿಗೆ ಯಾವ ಗೋಡೆಗೆ ಬೋರ್ಡು ಹಾಕ್ತೀರಿ?

ಹಾಗಂತ ದೂರದ ಚಿಕಿತ್ಸೆ ಆಗ ಇರಲಿಲ್ಲ ಅಂತಲ್ಲ. 2000ದಲ್ಲೇ ಚಿತ್ತೂರು ಜಿಲ್ಲೆಯ ಅರಗೊಂಡದಲ್ಲಿ ಅಪೋಲೊ ಶುರು ಮಾಡಿತ್ತು. ಅದಾಗಿ ಒಂದೆರಡು ವರ್ಷಕ್ಕೆ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯ, ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಆಸ್ಪತ್ರೆ ಒಂದಕ್ಕೊಂದು ಜೋಡಣೆಯಾದವು. ಆದರೆ ನೋಡಿ, ಅಲ್ಲಿ ಎರಡೂ ತುದಿಯಲ್ಲಿ ಆಸ್ಪತ್ರೆ ಇತ್ತು. ಬೆಂಗಳೂರಿನ ತಜ್ಞರು ಸಲಹೆ ಕೊಟ್ಟರೂ ರೋಗಿಯ ಮೈಮುಟ್ಟಿ ನೋಡೋಕೆ ಈ ಕಡೆ ಒಬ್ಬ ಡಾಕ್ಟರ್ ಇದ್ದರು. ಹಾಗಾಗಿ ಜವಾಬ್ದಾರಿ ಯಾರದ್ದು ಅನ್ನೋ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಸ್ಮಾರ್ಟ್‌ಫೋನ್ ಬಂದಾಗ ಈ ತುದಿಯ ಡಾಕ್ಟರ್ ಮಾಯವಾದರು. ಉಳಿದದ್ದು ರೋಗಿ ಮಾತ್ರ.

2018ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಒಂದು ಆದೇಶ ಡಾಕ್ಟರುಗಳನ್ನ ಬೆಚ್ಚಿಬೀಳಿಸಿತು. ರತ್ನಾಗಿರಿಯಲ್ಲಿ ಹೆರಿಗೆಯಾದ ಮಹಿಳೆಗೆ, ಡಾಕ್ಟರು ಆಸ್ಪತ್ರೆಯಲ್ಲಿ ಇಲ್ಲದಾಗ, ಫೋನಲ್ಲಿ ಹೇಳಿ ಔಷಧಿ ಕೊಡಿಸಿದ್ದರು. ಆಕೆ ತೀರಿಕೊಂಡರು. ಕೋರ್ಟು ನಿರೀಕ್ಷಣಾ ಜಾಮೀನು ಕೊಡಲಿಲ್ಲ. ಫೋನಲ್ಲಿ ಮಾತ್ರೆ ಹೇಳಿದರೆ ಜೈಲೇ ಗತಿಯೇನೋ ಅನ್ನೋ ಭಯ ದೇಶದ ತುಂಬ ಹರಡಿತು. ಯಾವುದು ಸರಿ, ಯಾವುದು ತಪ್ಪು ಅಂತ ಹೇಳೋ ನಿಯಮವೇ ಇರಲಿಲ್ಲವಲ್ಲ.

ನಿಯಮ ಬಂದದ್ದು 2020ರ ಮಾರ್ಚ್ 25ರಂದು. ಲಾಕ್‌ಡೌನ್ ಶುರುವಾದ ದಿನವೇ. ರಾಜ್ಯದಲ್ಲಿ ಮೊದಮೊದಲು ಕೊರೊನಾ ಕಂಡ ಊರುಗಳಲ್ಲಿ ನಮ್ಮ ಗೌರಿಬಿದನೂರೂ ಒಂದು. ಬಸ್ಸಿಲ್ಲ, ರೈಲಿಲ್ಲ, ಸಕ್ಕರೆ ಕಾಯಿಲೆ ಮಾತ್ರ ರಜೆ ಹಾಕಲ್ಲ. ಅಂಥ ಹೊತ್ತಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿತ್ತು.

ಅದರಲ್ಲಿ ಏನಿದೆ? ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ನೋಡಬಹುದು. ರೋಗಿಯ ಗುರುತು ಕೇಳಬೇಕು, ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು. ಜ್ವರದ ಮಾತ್ರೆಯಂಥ ಸಾಮಾನ್ಯ ಔಷಧಿ ಫೋನಲ್ಲೂ ಹೇಳಬಹುದು, ಕೆಲವನ್ನು ಮೊದಲ ಭೇಟಿಯಲ್ಲಿ ಬರೆಯೋಕೆ ವಿಡಿಯೋ ಬೇಕೇ ಬೇಕು. ಷೆಡ್ಯೂಲ್ ಎಕ್ಸ್ ಔಷಧಿಗಳು, ಮಾದಕ ವಸ್ತು ಕಾಯಿದೆಯ ಅಡಿ ಬರುವ ಔಷಧಿಗಳು ಆಗಲ್ಲ. ಕೃತಕ ಬುದ್ಧಿಮತ್ತೆ ತಾನೇ ಚೀಟಿ ಬರೆಯುವಂತಿಲ್ಲ. ನನ್ನಂಥವನಿಗೆ ಖುಷಿ ಕೊಟ್ಟ ಸಾಲು ಬೇರೆ ಇದೆ: ಫೀಸಿಗೆ ರಸೀದಿ ಕೊಡಬೇಕು. ನೂರು ವರ್ಷ ಪಟ್ಟಿಗೆ, ಕಟ್ಟಡಕ್ಕೆ ಅಂಟಿಕೊಂಡಿದ್ದ ಕಾನೂನು ಕೊನೆಗೂ ಚೀಟಿಯ ಹತ್ತಿರ ಬಂತು.

ಅದೇ ವರ್ಷ ಜುಲೈ 20ಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಾರಿಯಾಯಿತು. ಮೊದಲೆಲ್ಲ ಎದುರು ಪಕ್ಷ ಇರೋ ಕಡೆ ಅಥವಾ ಘಟನೆ ನಡೆದ ಕಡೆ ದೂರು ಹಾಕಬೇಕಿತ್ತು. ಈಗ ದೂರುದಾರ ತಾನು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಡಾಕ್ಟರು ದೆಹಲಿಯಲ್ಲಿದ್ದರೂ ನೀವು ದೆಹಲಿಗೆ ಓಡಬೇಕಿಲ್ಲ.

ಆದರೆ ಇಲ್ಲೊಂದು ಕಂದಕ ಇದೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನ ಗ್ರಾಹಕ ಕಾನೂನಿನ ಒಳಗೆ ತಂದಾಗಲೇ, ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆಯನ್ನ ಹೊರಗಿಟ್ಟಿತು. 2020ರ ಏಪ್ರಿಲ್‌ನಲ್ಲಿ ಮನೆಯಿಂದಲೇ ಡಾಕ್ಟರಿಗೆ ತೋರಿಸುವ ಸೌಲಭ್ಯ ಕೊಟ್ಟ ಸರ್ಕಾರದ ಇ-ಸಂಜೀವಿನಿ ಉಚಿತ. 2023ರ ಫೆಬ್ರವರಿ ಹೊತ್ತಿಗೆ ಅದರಲ್ಲಿ ದೇಶದಾದ್ಯಂತ 10 ಕೋಟಿ ಸಮಾಲೋಚನೆ ದಾಟಿದ್ದವು. ಅಂದ್ರೆ ಆ್ಯಪಿಗೆ ದುಡ್ಡು ಕೊಟ್ಟವರಿಗೆ ಗ್ರಾಹಕ ಆಯೋಗ ಇದೆ, ಹಳ್ಳಿಯ ಉಪಕೇಂದ್ರದಲ್ಲಿ ಕೂತು ಉಚಿತವಾಗಿ ತೋರಿಸಿಕೊಂಡ ಅಜ್ಜಿಗೆ ಆ ಬಾಗಿಲು ಕಷ್ಟ. ಡಾಕ್ಟರ ಮೇಲೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು ನಿಜ, ಆದರೆ ಪರಿಷತ್ತು ಡಾಕ್ಟರಿಗೆ ಶಿಸ್ತು ಕಲಿಸುತ್ತೆ, ಅಜ್ಜಿಗೆ ಪರಿಹಾರ ಕೊಡಲ್ಲ.

ಉಳಿದ ಕಡೆಯೂ ಕೆಲಸ ಅರ್ಧಂಬರ್ಧ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಡತೆ ನಿಯಮ ತಂದು, ಅದೇ ತಿಂಗಳು 23ಕ್ಕೆ ತಡೆಹಿಡಿಯಿತು. ಹಳೆಯ 2002ರ ನಿಯಮವೇ ಮತ್ತೆ ನಿಂತಿತು. ಆನ್‌ಲೈನ್ ಔಷಧಿ ಮಾರಾಟಕ್ಕೆ 2018ರ ಆಗಸ್ಟ್‌ನಲ್ಲಿ ಬಂದ ಕರಡು ವರ್ಷಗಟ್ಟಲೆ ಕರಡಾಗೇ ಉಳಿಯಿತು. ನಮ್ಮ ಕಾಯಿಲೆಯ ವಿವರ ಯಾರ ಕೈಗೆ ಹೋಗುತ್ತೆ ಅನ್ನೋದಕ್ಕೆ 2023ರಲ್ಲಿ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು, ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಅವೂ ಹಂತಹಂತವಾಗಿ ಜಾರಿಗೆ.

ಹಾಗಾಗಿ ಇಷ್ಟು ಮಾಡಿ. ಫೋನಲ್ಲಿ ತೋರಿಸಿದರೆ ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಹಿ ಇರೋ ಚೀಟಿ ಕೇಳಿ. ದುಡ್ಡು ಕೊಟ್ಟಿದ್ದರೆ ರಸೀದಿ ಕೇಳಿ. ಕೇಳೋದು ಅವಮರ್ಯಾದೆ ಅಲ್ಲ, 2020ರಿಂದ ಅದು ನಿಮ್ಮ ಹಕ್ಕು. ಉಚಿತ ಸೇವೆಯ ರೋಗಿಗೂ ಪರಿಹಾರದ ದಾರಿ ಬೇಕು ಅನ್ನೋ ಮಾತನ್ನ ನಿಮ್ಮ ಶಾಸಕರ ಕಿವಿಗೂ ಹಾಕಿ.