ಕದ್ರಿಯ ಸ್ಯಾಕ್ಸೊಫೋನ್ ಮತ್ತು ಜಾಝ್ ಕಪಾಟು: ಮರುಬಿಡುಗಡೆಗಳ ಬಗ್ಗೆ ಒಂದು ಟಿಪ್ಪಣಿ

ಫ್ರೆಂಚ್ ಜಾಝ್-ರಾಕ್ ಎಲ್‌ಪಿಗಳನ್ನು ಹುಡುಕಿ ಕೂಡಿಡುವವರಿಗೆ ‘ಝಾವೊ’ ಪರಿಚಿತ ಹೆಸರು. ಮಾಗ್ಮಾ ತಂಡ ಬಿಟ್ಟು ಬಂದ ಯೋಶ್ಕೊ ಸೆಫರ್, ಫಾತೋನ್ ಕಾಹೆನ್ ಕಟ್ಟಿದ ತಂಡ ಅದು. 1973ರ ಅವರ ಮೊದಲ ಎಲ್‌ಪಿಯಲ್ಲಿ ಮೌರಿಸಿಯಾ ಪ್ಲಾತೋನ್ ಸಾಹಿತ್ಯವಿಲ್ಲದೆ ಬರೀ ದನಿಯಲ್ಲೇ ಹಾಡಿದ್ದಾರೆ. ಮೂಲ ಪ್ರತಿ ಸಿಗದವರಿಗೆ ಈ ಸಂಗೀತವನ್ನು ತಲುಪಿಸಿದ್ದು ಮ್ಯುಜಿಯಾ ಎಂಬ ಫ್ರೆಂಚ್ ಕಂಪನಿಯ ಸಿಡಿಗಳು. ಮೊದಲ ಮುದ್ರಣಕ್ಕಷ್ಟೇ ಬೆಲೆ ಎನ್ನುವ ಸಂಗ್ರಾಹಕರ ವಾದವನ್ನು ನಾನು ಒಪ್ಪುವುದಿಲ್ಲ. ಸಂಶೋಧಕನಿಗೆ ಪ್ರತಿಯೊಂದು ಬಿಡುಗಡೆಯೂ ಒಂದು ದಾಖಲೆ. ಪ್ರತಿ ಬಿಡುಗಡೆಯನ್ನೂ ದಾಖಲೆಯಾಗಿ ನೋಡುವ ಈ ಶಿಸ್ತು ನಮ್ಮ ಕರಾವಳಿಯ ಸ್ಯಾಕ್ಸೊಫೋನ್ ಸಂಗೀತಕ್ಕೂ ಬೇಕು.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ತುಳುನಾಡಿನ ಮದುವೆ, ಜಾತ್ರೆ, ಕೋಲಗಳಲ್ಲಿ ಈಗ ಮನೆಮಾತು. ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ಏರಿಸಿದವರು ಬಂಟ್ವಾಳದ ಸಜೀಪ ಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್. ನಾಗಸ್ವರ ನುಡಿಸುವ ಮನೆತನದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ವೇದಿಕೆ ಹಂಚಿಕೊಂಡರು.

ಅವರ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಧ್ವನಿಮುದ್ರಿಕೆಯ ಕಥೆ ನೋಡಿ. ಅಮೆರಿಕದಲ್ಲಿ ಓದುತ್ತಿದ್ದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಅಣ್ಣ ಅದನ್ನು ತಮಾಷೆಗೆಂದು ಕೊಟ್ಟರು. ತಮ್ಮ ಅದನ್ನು ಮನಸ್ಸಿಟ್ಟು ಕೇಳಿದರು. ಮುಂದೆ 2008ರಲ್ಲಿ ಪೈ ರೆಕಾರ್ಡಿಂಗ್ಸ್ ತಂದ ‘ಕಿನ್ಸ್‌ಮೆನ್’ನಲ್ಲಿ ಗೋಪಾಲನಾಥ್, ಮಹಾಂತಪ್ಪ ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್ ಹಿಡಿದು ಜೊತೆಯಾದರು, ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಗಿಟಾರಿನಲ್ಲಿ ರೆಜ್ ಅಬ್ಬಾಸಿ. ಹೀಗೆ ಒಂದು ಮುದ್ರಿಕೆ ಇನ್ನೊಂದನ್ನು ಹುಟ್ಟಿಸಿತು.

ಆದರೆ ಕಪಾಟಿನಲ್ಲಿ ಇಂಥ ಜಂಟಿ ಮುದ್ರಿಕೆಗಳನ್ನು ಯಾರ ಹೆಸರಿನ ಕೆಳಗೆ ಇಡುತ್ತೇವೆ? ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ತಂಡದ ‘ಜ್ಯೋತಿ’ (1983, ಇಸಿಎಂ 1256) ಸಾಮಾನ್ಯವಾಗಿ ಸಿಗುವುದು ಅದರಲ್ಲಿ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಹೆಸರಿನಲ್ಲಿ. ಹಾಕಿ ಕೇಳಿದರೆ ಮೊದಲು ಬರುವುದು ಆರ್.ಎ. ರಮಾಮಣಿಯವರ ಒಂಟಿ ದನಿ. ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟಂ, ಟಿ.ಎನ್. ಶಶಿಕುಮಾರ್ ಖಂಜಿರ. ಮರಿಯಾನೊ ದೊಡ್ಡ ಕಲಾವಿದರು, ನಾಗಸ್ವರವನ್ನೂ ಕಲಿತವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಮುದ್ರಿಕೆಯನ್ನು ಅವರೊಬ್ಬರ ಹೆಸರಿಗೆ ಬರೆದಿಡುವುದು ತಪ್ಪು. ಪಟ್ಟಿಯಲ್ಲಿ ರಮಾಮಣಿಯವರಿಗೆ ಪ್ರತ್ಯೇಕ ನಮೂದು ಇರಲೇಬೇಕು.

ಪ್ರತಿ ಪರಿಶೀಲಿಸುವಾಗ ಹೊದಿಕೆಯನ್ನಷ್ಟೇ ನಂಬಬಾರದು. ವೃತ್ತದೊಳಗಿನ ‘ಪಿ’ ಗುರುತಿನ ಮುಂದಿರುವುದು ಆ ಧ್ವನಿಮುದ್ರಣ ಪ್ರಕಟವಾದ ವರ್ಷ. ‘ಸಿ’ ಗುರುತಿನ ಮುಂದಿರುವುದು ಹೊದಿಕೆಯ ಚಿತ್ರ, ಬರಹಗಳ ವರ್ಷ. ಎರಡೂ ಬೇರೆಯಾಗಿದ್ದರೆ ಅದು ಮರುಬಿಡುಗಡೆ ಇರಬಹುದೆಂಬ ಅನುಮಾನಕ್ಕೆ ಜಾಗವಿದೆ. ಎಲ್‌ಪಿಯಾದರೆ ಲೇಬಲ್ಲಿಗೂ ಕೊನೆಯ ಹಾಡಿಗೂ ನಡುವಿನ ನುಣುಪು ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಲ್ಲಿ ಕೊರೆದ ಅಂಕೆ-ಅಕ್ಷರಗಳು ಯಾವ ಅಚ್ಚಿನಿಂದ ಒತ್ತಿದ ಪ್ರತಿಯೆಂದು ಹೇಳುತ್ತವೆ. ಧ್ವನಿಮುದ್ರಣ ನಡೆದ ವರ್ಷ, ಮೊದಲು ಹೊರಬಂದ ವರ್ಷ, ಮರುಬಿಡುಗಡೆಯ ವರ್ಷ ಈ ಮೂರನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಗಾಗಿ ಮೊದಲ ಪ್ರಕಟಣೆಯ ವರ್ಷ ತಪ್ಪಿದರೆ ಕಾನೂನಿನ ಲೆಕ್ಕವೂ ತಪ್ಪುತ್ತದೆ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅವರ ಕ್ಯಾಸೆಟ್, ಸಿಡಿಗಳು ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಎರಡೂ ಬದಿಯ ಲೇಬಲ್ಲು ಮತ್ತು ಒಳಚೀಟಿಯ ಫೋಟೊ ತೆಗೆದಿಡಿ. ಪಕ್ಕವಾದ್ಯದವರ ಹೆಸರು ಓದುವಂತಿರಲಿ.